ಕೋಲಾರ ಸಿಗದ ಹುಡುಕಾಟ: ಒಂದು ಓಪನ್ ಸೋರ್ಸ್ ತಿದ್ದುಪಡಿಯ ಪ್ರಕರಣ ಅಧ್ಯಯನ

ಅವೆನ್ಯೂ ರಸ್ತೆಯಲ್ಲಿ ನನ್ನ ತಂಗಿಯ ಗಂಡನಿಗೆ ನೋಟ್‌ಬುಕ್ಕು, ಗೈಡುಗಳ ಸಗಟು ಅಂಗಡಿ ಇದೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಅಲ್ಲಿಂದ ದಿನವೂ ಬಂಡಲ್‌ಗಳು ಲಾರಿ ಆಫೀಸಿಗೆ ಹೋಗುತ್ತವೆ, ಪ್ರತಿ ಬಂಡಲ್‌ಗೂ ಒಂದು ಎಲ್‌ಆರ್ ಚೀಟಿ (ಲಾರಿ ರಸೀದಿ) ಬರುತ್ತದೆ. ಊರಿನ ಅಂಗಡಿಯವರು ಫೋನ್ ಮಾಡಿ "ನಮ್ಮ ಮಾಲು ಎಲ್ಲಿದೆ" ಅಂದಾಗ ಆ ಚೀಟಿಯ ನಂಬರು ತಕ್ಷಣ ಹೇಳಬೇಕು. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿರುವ ಅವರ ಮಗಳು ಅಪ್ಪನಿಗಾಗಿ ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಟ್ಟಳು. ಊರಿನ ಹೆಸರನ್ನು ಕನ್ನಡದಲ್ಲಿ ಹೊಡೆದರೆ ಆ ಊರಿಗೆ ಹೋದ ಎಲ್‌ಆರ್‌ಗಳೆಲ್ಲ ಕಾಣಬೇಕು. ಹುಡುಕುವ ಭಾಗವನ್ನು ಅವಳೇ ಬರೆಯದೆ, ಪೈಥಾನ್‌ನಲ್ಲಿರುವ ಒಂದು ಓಪನ್ ಸೋರ್ಸ್ ಲೈಬ್ರರಿಯನ್ನು, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಸಿದ್ಧ ಕೋಡನ್ನು, ಬಳಸಿದ್ದಳು. ಆ ಲೈಬ್ರರಿಯ ಹೆಸರು ಇಲ್ಲಿ ಬೇಡ. ಅದನ್ನು ನೋಡಿಕೊಳ್ಳುವವರು ಬಿಡುವಿನ ವೇಳೆಯಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುವವರು, ಈ ಪ್ರಕರಣದಲ್ಲಿ ನಮ್ಮ ಜೊತೆ ತಾಳ್ಮೆಯಿಂದ ನಡೆದುಕೊಂಡವರು.

ಒಂದು ವಾರದಲ್ಲೇ ದೂರು ಬಂತು. ನಾನು ಇಪ್ಪತ್ತೆರಡು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿ ಇರುವವಳು, ಹಾಗಾಗಿ ದೂರು ನೇರವಾಗಿ ನನಗೇ.

"ಅಕ್ಕ, ಬೆಂಗಳೂರು ಬರತ್ತೆ, ತುಮಕೂರು ಬರತ್ತೆ, ಹಾಸನ ಬರತ್ತೆ. ಕೋಲಾರ ಮಾತ್ರ ಬರಲ್ಲ. ಆದ್ರೆ ‘ಕೆ’ ಅಂತ ಹೊಡೆದು ಬಿಟ್ರೆ ಕೋಲಾರ ಬಂದು ಕೂತ್ಕೊಳತ್ತೆ. ಇದೇನು ಅಂತ ನೀವೇ ನೋಡಿ."

ಬಳಕೆದಾರರ ದೂರಿನಲ್ಲಿ ಇಷ್ಟು ಒಳ್ಳೆಯ ಸುಳಿವು ಅಪರೂಪಕ್ಕೆ ಸಿಗುತ್ತದೆ. "ಕೆಲಸ ಮಾಡ್ತಿಲ್ಲ" ಎಂದಷ್ಟೇ ಅವರು ಹೇಳಬಹುದಿತ್ತು. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ, ಬರಬಾರದ ಜಾಗದಲ್ಲಿ ಏನು ಬರುತ್ತದೆ, ಮೂರನ್ನೂ ಹೇಳಿದರು. ಕಡೆಯ ಮಾತನ್ನು ನಾನೂ ಅವರ ಮಗಳೂ ಆ ದಿನ ಅರ್ಧ ಕಿವಿಯಲ್ಲಿ ಕೇಳಿದೆವು. ಅದರ ಬೆಲೆ ತಿಳಿದದ್ದು ಮೂರು ವಾರದ ಮೇಲೆ.

ಏನನ್ನೂ ಮುಟ್ಟುವ ಮೊದಲು

ಶನಿವಾರ ಅವಳು ಹನುಮಂತನಗರದ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದು ಬಂದಳು. ತನ್ನ ಪ್ರೋಗ್ರಾಂನಲ್ಲಿ ತಪ್ಪಿಲ್ಲ, ತಪ್ಪು ಲೈಬ್ರರಿಯಲ್ಲೇ ಇದೆ ಎಂದು ಹಿಂದಿನ ರಾತ್ರಿಯೇ ಖಚಿತ ಮಾಡಿಕೊಂಡಿದ್ದಳು. ಊರಿನ ಹೆಸರಿಗೆ ಎರಡೆರಡು ಸಲ ಹುಡುಕಿ ಹೇಗೋ ಸಂಭಾಳಿಸುವ ಒಂದು ಅಡ್ಡದಾರಿಯೂ ಅವಳ ಬಳಿ ಸಿದ್ಧವಿತ್ತು. ಅದನ್ನು ಹಾಕಿದ್ದರೆ ಅಪ್ಪನ ಅಂಗಡಿ ಅಂದೇ ಸರಿಹೋಗುತ್ತಿತ್ತು. ಕನ್ನಡದಲ್ಲಿ ಹುಡುಕುವ ಇನ್ನೊಬ್ಬರಿಗೆ ಅದೇ ಕಲ್ಲು ಮತ್ತೆ ಕಾಲಿಗೆ ತಾಗುತ್ತಿತ್ತು. ನಮ್ಮ ಊರಲ್ಲಿ 2001ರಲ್ಲಿ ಲಿನಕ್ಸ್ ಬೆಂಗಳೂರು ಎಂದು ಶುರುವಾಗಿ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡ ಓಪನ್ ಸೋರ್ಸ್ ಸಮಾವೇಶಗಳ ಕಾಲದವಳು ನಾನು. ಬಳಸಿದ್ದಕ್ಕೆ ಒಂದಿಷ್ಟು ತಿದ್ದಿ ವಾಪಸ್ ಕೊಡಬೇಕು ಎಂಬ ಮಾತು ಆಗಿನಿಂದಲೂ ತಲೆಯಲ್ಲಿ ಉಳಿದಿದೆ. "ಮೂಲದಲ್ಲೇ ಸರಿ ಮಾಡೋಣ" ಅಂದೆ. ಅವಳಿಗೆ ಇದೇ ಮೊದಲ ಸಲ.

ಲೈಬ್ರರಿಯ ಕೋಡನ್ನು ಫೋರ್ಕ್ ಮಾಡಿ (ತನ್ನ ಹೆಸರಿನಲ್ಲಿ ಒಂದು ಪ್ರತಿ ತೆಗೆದು), ಕ್ಲೋನ್ ಮಾಡಿಕೊಂಡಳು (ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು). ಬೇರೆ ಕೆಲಸದ ಪ್ಯಾಕೇಜುಗಳು ಸೇರಿ ಗೋಜಲಾಗದಿರಲಿ ಎಂದು ಪ್ರತ್ಯೇಕ ವರ್ಚುವಲ್ ಎನ್ವಿರಾನ್ಮೆಂಟ್ ಮಾಡಿ, ಲೈಬ್ರರಿಯನ್ನು ಎಡಿಟಬಲ್ ರೀತಿಯಲ್ಲಿ ಇನ್‌ಸ್ಟಾಲ್ ಮಾಡಿದಳು. ಹಾಗೆ ಮಾಡಿದರೆ ಕೋಡ್ ತಿದ್ದಿದ ತಕ್ಷಣ ಟೆಸ್ಟಿಗೆ ಹೊಸ ಕೋಡೇ ಸಿಗುತ್ತದೆ. ಮರೆತರೆ, ತಿದ್ದಿದ್ದು ಒಂದು ಕಡೆ, ಟೆಸ್ಟ್ ಓಡುವುದು ಹಿಂದೆ ಇನ್‌ಸ್ಟಾಲ್ ಆದ ಹಳೆಯ ಪ್ರತಿಯ ಮೇಲೆ. ಈ ಒಂದು ತಪ್ಪಿಗೆ ಇಡೀ ದಿನ ಕಳೆದುಕೊಂಡ ಅನುಭವಸ್ಥರನ್ನೂ ನೋಡಿದ್ದೇನೆ.

ಅವಳ ಕೈ ಆಗಲೇ ಕೋಡ್ ಫೈಲ್ ತೆರೆಯುತ್ತಿತ್ತು. ತಡೆದೆ. ಒಂದು ಅಕ್ಷರವನ್ನೂ ಬದಲಿಸದೆ ಮೊದಲು ಪೂರ್ತಿ ಟೆಸ್ಟ್ ಓಡಿಸು, ಇವತ್ತಿನ ಸ್ಥಿತಿ ಏನು ಅಂತ ಬರೆದಿಟ್ಟುಕೋ ಎಂದೆ. ಟೆಸ್ಟುಗಳನ್ನು ಓಡಿಸುವ ಪೈಥಾನ್ ಸಾಧನವಾದ ಪೈಟೆಸ್ಟ್ ಓಡಿತು. ನಾನೂರಕ್ಕೂ ಹೆಚ್ಚು ಟೆಸ್ಟುಗಳಲ್ಲಿ ಒಂದು ಫೇಲ್.

"ದೊಡ್ಡಮ್ಮ, ನಾನಿನ್ನೂ ಏನೂ ಮಾಡೇ ಇಲ್ಲ!"

ಆ ಟೆಸ್ಟಿಗೂ ಕೋಲಾರಕ್ಕೂ ಸಂಬಂಧವೇ ಇರಲಿಲ್ಲ. ದಾಖಲೆಗಳನ್ನು ತಾರೀಖಿನ ಪ್ರಕಾರ ಸೋಸುವ ಟೆಸ್ಟ್ ಅದು. ಸ್ಥಳೀಯ ಸಮಯಕ್ಕೂ ಜಗತ್ತಿನ ಪ್ರಮಾಣ ಸಮಯವಾದ ಯುಟಿಸಿಗೂ ಇರುವ ಅಂತರವನ್ನು ಆ ಟೆಸ್ಟ್ ಪೂರ್ಣ ಗಂಟೆಗಳಲ್ಲಿ ಲೆಕ್ಕ ಹಾಕುತ್ತಿತ್ತು. ನಮ್ಮ ಅಂತರ ಐದೂವರೆ ಗಂಟೆ, ಅಂದರೆ 19,800 ಸೆಕೆಂಡು. ಅದನ್ನು 3,600ರಿಂದ ಭಾಗಿಸಿ ಶೇಷ ಬಿಟ್ಟರೆ 5 ಉಳಿಯುತ್ತದೆ, ಅರ್ಧ ಗಂಟೆ ಕಳೆದುಹೋಗುತ್ತದೆ. ಯೋಜನೆಯ ಟೆಸ್ಟುಗಳು ಓಡುವ ಸರ್ವರುಗಳು ಯುಟಿಸಿಯಲ್ಲಿರುತ್ತವೆ, ಅಲ್ಲಿ ಅಂತರ ಸೊನ್ನೆ, ಆದ್ದರಿಂದ ಅಲ್ಲಿ ಅದು ಸದಾ ಹಸಿರು, ಅಂದರೆ ಪಾಸ್. ಬೆಂಗಳೂರಿನ ಲ್ಯಾಪ್‌ಟಾಪಿನಲ್ಲಿ ಸದಾ ಕೆಂಪು. ಐದೂಮುಕ್ಕಾಲು ಗಂಟೆಯ ನೇಪಾಳದಲ್ಲೂ ಇದೇ ಗತಿ. ಟೈಮ್ ಝೋನ್ ಯುಟಿಸಿ ಎಂದು ಕೊಟ್ಟು ಮತ್ತೆ ಓಡಿಸಿದಾಗ ಎಲ್ಲವೂ ಪಾಸಾಯಿತು.

ಅವಳಿಗೆ ಅದನ್ನೂ ಈಗಲೇ ತಿದ್ದುವ ಆಸೆ. ಬೇಡ ಅಂದೆ. ಒಂದು ಪುಲ್ ರಿಕ್ವೆಸ್ಟಿನಲ್ಲಿ, ಅಂದರೆ ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ, ಒಂದೇ ವಿಷಯ ಇರಬೇಕು. ಆ ದೋಷಕ್ಕೆ ಯೋಜನೆಯ ದೂರು ಪಟ್ಟಿಯಲ್ಲಿ ಬೇರೆ ಇಶ್ಯೂ ತೆರೆದು, ನಾಲ್ಕು ಸಾಲಿನಲ್ಲಿ ಕಾರಣ ಬರೆದು, ಬದಿಗಿಟ್ಟೆವು. ಪೂರ್ತಿ ಟೆಸ್ಟನ್ನು ಮೊದಲೇ ಓಡಿಸದೆ ಹೋಗಿದ್ದರೆ ಈ ಫೇಲ್ ಕಂಡದ್ದು ಅವಳ ತಿದ್ದುಪಡಿಯ ನಂತರ. ತನ್ನದೇ ತಪ್ಪೆಂದು ತಿಳಿದು ಅದರ ಬೆನ್ನು ಹತ್ತುತ್ತಿದ್ದಳು.

ಮೂವತ್ತೊಂದು ಜಿಲ್ಲೆ

ಕೋಲಾರ ಒಂದೇ ಉದಾಹರಣೆಯಾದರೆ ಕಾರಣ ಊಹಿಸುವುದು ಕಷ್ಟ. ಕರ್ನಾಟಕದ 31 ಜಿಲ್ಲೆಗಳ ಹೆಸರನ್ನೂ ಒಂದೊಂದು ದಾಖಲೆಯಾಗಿ ಸೇರಿಸಿ, ಪ್ರತಿಯೊಂದನ್ನೂ ಅದೇ ಹೆಸರಿನಿಂದ ಹುಡುಕುವ ಟೆಸ್ಟ್ ಬರೆ ಎಂದೆ. ಅವಳು ಮೊದಲು ಹೆಸರುಗಳನ್ನು ಒಂದರ ನಂತರ ಒಂದು ನೋಡುವ ಒಂದು ಲೂಪ್ ಬರೆದಳು. ಅಕಾರಾದಿ ಪಟ್ಟಿ ಉಡುಪಿ, ಉತ್ತರ ಕನ್ನಡ, ಕಲಬುರಗಿ ದಾಟಿ ಕೊಡಗಿಗೆ ಬಂದು ನಿಂತುಬಿಟ್ಟಿತು. ಲೂಪಿನ ಒಳಗೆ ಮೊದಲ ಅಸರ್ಟ್ (ಉತ್ತರ ಸರಿಯೇ ಎಂದು ನೋಡುವ ಸಾಲು) ಸೋತ ಕೂಡಲೇ ಟೆಸ್ಟ್ ಮುಗಿಯುತ್ತದೆ, ಮುಂದಿನ ಹೆಸರುಗಳ ಸುದ್ದಿಯೇ ಇಲ್ಲ. ಪೈಟೆಸ್ಟ್‌ನಲ್ಲಿ ಪ್ಯಾರಾಮೆಟ್ರೈಜ್ ಎಂಬ ಸೌಲಭ್ಯವಿದೆ. ಅದನ್ನು ಬಳಸಿದರೆ ಒಂದೊಂದು ಹೆಸರೂ ಒಂದೊಂದು ಸ್ವತಂತ್ರ ಟೆಸ್ಟ್ ಆಗುತ್ತದೆ, ಒಂದು ಬಿದ್ದರೂ ಉಳಿದವು ಓಡುತ್ತವೆ. ಹಾಗೆ ಬದಲಿಸಿ ಓಡಿಸಿದಾಗ ಉತ್ತರ ಪರದೆಯ ಮೇಲೆಯೇ ಇತ್ತು: 23 ಪಾಸ್, 8 ಫೇಲ್.

ಫೇಲ್ ಆದವು ಇವು: ಕೊಡಗು, ಕೊಪ್ಪಳ, ಕೋಲಾರ, ಬಾಗಲಕೋಟೆ, ಬೀದರ್, ಮೈಸೂರು, ಶಿವಮೊಗ್ಗ, ಹಾವೇರಿ.

ನಾನು ಈ ಪಟ್ಟಿಯನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಪಾಸಾದ ಪಟ್ಟಿಯಲ್ಲಿ ಒತ್ತಕ್ಷರದ ಚಿಕ್ಕಬಳ್ಳಾಪುರ ಇತ್ತು, ಅರ್ಕಾವತ್ತಿನ ಚಿತ್ರದುರ್ಗ ಇತ್ತು, ಅನುಸ್ವಾರದ ಮಂಡ್ಯ ಇತ್ತು, ಎತ್ವದ ಬೆಳಗಾವಿ ಇತ್ತು. ನಮಗೆ ಕಷ್ಟ ಅನ್ನಿಸುವ ಅಕ್ಷರಗಳೆಲ್ಲ ಗೆದ್ದಿದ್ದವು. ಸೋತ ಎಂಟರಲ್ಲೂ ಐದು ಗುರುತುಗಳಲ್ಲಿ ಒಂದಾದರೂ ಇತ್ತು: ಈತ್ವ, ಏತ್ವ, ಐತ್ವ, ಒತ್ವ, ಓತ್ವ. ಪಾಸಾದ ಇಪ್ಪತ್ತಮೂರರಲ್ಲಿ ಈ ಐದೂ ಎಲ್ಲಿಯೂ ಇಲ್ಲ.

ಅವಳು ‘ಕೋಲಾರ’ದ ಕೋಡ್ ಪಾಯಿಂಟುಗಳನ್ನು, ಅಂದರೆ ಎಲ್ಲ ಲಿಪಿಗಳಿಗೂ ಇರುವ ಯೂನಿಕೋಡ್ ಪಟ್ಟಿ ಪ್ರತಿ ಅಕ್ಷರಕ್ಕೂ ಗುರುತಿಗೂ ಕೊಟ್ಟ ಸಂಖ್ಯೆಗಳನ್ನು, ಎರಡೂ ಕಡೆಯಿಂದ ಮುದ್ರಿಸಿದಳು. ಪೈಥಾನ್ ಅವನ್ನು ದಶಮಾಂಶ ಸಂಖ್ಯೆಗಳಲ್ಲೇ ಕೊಡುತ್ತದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327ರವರೆಗೆ. ಹುಡುಕಲು ಕೊಟ್ಟ ಪದ ಹೀಗಿತ್ತು: 3221, 3275, 3250, 3262, 3248. ಐದು ಸಂಖ್ಯೆ. ಹುಡುಕಲೆಂದು ಲೈಬ್ರರಿ ಕಟ್ಟಿಟ್ಟುಕೊಳ್ಳುವ ಪದಪಟ್ಟಿ, ಅಂದರೆ ಇಂಡೆಕ್ಸಿನ ಒಳಗೆ ಕುಳಿತಿದ್ದ ಪದದಲ್ಲಿ ಏಳು: 3221, 3270, 3266, 3285, 3250, 3262, 3248. ಎರಡನ್ನೂ ಪರದೆಯ ಮೇಲೆ ಬಿಡಿಸಿದರೆ ಒಂದೇ ಕೋಲಾರ, ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. 3275 ಅಂದರೆ ಓತ್ವ. ಅದರ ಜಾಗದಲ್ಲಿ ಮೂರು ತುಂಡು ಬಂದಿದ್ದವು.

ಇಲ್ಲಿ ನೆರವಿಗೆ ಬಂದದ್ದು ಒಂದನೇ ತರಗತಿಯ ಕಾಗುಣಿತ. ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ. ಕ ಎತ್ವ ಕೆ, ಕ ಎತ್ವದ ದೀರ್ಘ ಕೇ. ಯೂನಿಕೋಡ್ ಈ ಅಕ್ಷರಗಳನ್ನು ಬಿಡಿಸುವ ಕ್ರಮವೂ ಹೀಗೆಯೇ ಇದೆ. ಈತ್ವವನ್ನು ಬಿಡಿಸಿದರೆ ಗುಡಿಸು, ಅದರ ಮುಂದೆ ದೀರ್ಘದ ಗುರುತು 3285. ಏತ್ವ ಅಂದರೆ ಎತ್ವ, ಜೊತೆಗೆ ಅದೇ ದೀರ್ಘ. ಒತ್ವ ಅಂದರೆ ಮೇಲೆ ಎತ್ವ, ಬಲಕ್ಕೆ ಕೊಂಬಿನ ಇಳಿ. ಅದಕ್ಕೆ ದೀರ್ಘ ಸೇರಿದರೆ ಓತ್ವ. ಐತ್ವಕ್ಕೆ ಎತ್ವ ಮತ್ತು ಕೆಳಗಿನ ಸುಳಿ, 3286. ಕೈಯಲ್ಲಿ ಬರೆಯುವಾಗ ನಾವು ಎಳೆಯುವ ಗೆರೆಗಳೇ ಇವು. ಕನ್ನಡದಲ್ಲಿ ಹೀಗೆ ಬಿಡಿಯಾಗುವುದು ಈ ಐದು ಗುರುತು ಮಾತ್ರ, ಔತ್ವ ಇಡಿಯಾಗಿಯೇ ಉಳಿಯುತ್ತದೆ. ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಎಂದೂ ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ ಎಂದೂ ಹೆಸರು. ಎರಡೂ ಒಂದೇ ಪಠ್ಯ ಎಂದು ಯೂನಿಕೋಡ್ ಹೇಳುತ್ತದೆ. ಸಂಖ್ಯೆಗೆ ಸಂಖ್ಯೆ ಹೋಲಿಸುವ ಪ್ರೋಗ್ರಾಂಗೆ ಮಾತ್ರ ಅವು ಎರಡು ಬೇರೆ ಪದ.

ಬಿಡಿಸಿದ್ದು ಯಾರು, ಯಾಕೆ? ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್‌ನ ಇತಿಹಾಸ ನೋಡಿದಾಗ ತಿಳಿಯಿತು. ಫ್ರೆಂಚ್ ‘ಕೆಫೆ’ಯ ಕೊನೆಯ ಅಕ್ಷರದ ಮೇಲಿನ ಗೆರೆ ಇರಲಿ ಇಲ್ಲದಿರಲಿ, ಪದ ಸಿಗಬೇಕೆಂದು ಯಾರೋ ಒಳ್ಳೆಯ ಉದ್ದೇಶದಿಂದ ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡಿನ ತುಣುಕು) ಸೇರಿಸಿದ್ದರು. ಅದು ಇಂಡೆಕ್ಸಿಗೆ ಹೋಗುವ ಪಠ್ಯವನ್ನು ಬಿಡಿಸಿ, 768ರಿಂದ 879ರವರೆಗಿನ ಗುರುತುಗಳನ್ನು ಅಳಿಸುತ್ತಿತ್ತು. ಲ್ಯಾಟಿನ್ ಅಕ್ಷರಗಳ ಮೇಲೆ ಕೂರುವ ಚಿಹ್ನೆಗಳು ಇರುವುದು ಆ ವ್ಯಾಪ್ತಿಯಲ್ಲಿ. ಫ್ರೆಂಚ್ ಪದದಲ್ಲಿ ಬಿಡಿಸಿದ ತುಂಡು ಅಳಿಸಿಹೋಗುವುದರಿಂದ ಏನೂ ಉಳಿಯುವುದಿಲ್ಲ. ಕನ್ನಡದ ತುಂಡುಗಳು ಆ ವ್ಯಾಪ್ತಿಯ ಹೊರಗಿವೆ, ಅವು ಬಿಡಿಯಾಗಿಯೇ ಇಂಡೆಕ್ಸಿನಲ್ಲಿ ಉಳಿದುಬಿಟ್ಟವು. ಹುಡುಕುವ ಪದ ಈ ಫಂಕ್ಷನ್ನಿನ ಮೂಲಕ ಹಾದೇ ಹೋಗುತ್ತಿರಲಿಲ್ಲ. ಆ ಫಂಕ್ಷನ್ನಿಗೆ ಟೆಸ್ಟುಗಳಿದ್ದವು, ಚೆನ್ನಾಗಿಯೇ ಬರೆದಿದ್ದರು. ಎಲ್ಲವೂ ಯುರೋಪಿನ ಭಾಷೆಗಳ ಪದಗಳು.

ಮೊದಲ ತಿದ್ದುಪಡಿ ಬಿದ್ದದ್ದು

ಅವಳ ಮೊದಲ ತಿದ್ದುಪಡಿ ನೇರವಾಗಿತ್ತು: ಬಿಡಿಸುವ ಸಾಲನ್ನೇ ತೆಗೆದುಹಾಕಿದಳು. ತನ್ನ 31 ಟೆಸ್ಟುಗಳನ್ನು ಮಾತ್ರ ಹೆಸರಿನಿಂದ ಆರಿಸಿ ಓಡಿಸಿದಳು. ಮೂವತ್ತೊಂದೂ ಹಸಿರು. ಖುಷಿಯಲ್ಲಿ ರಾತ್ರಿ ಹನ್ನೊಂದಕ್ಕೆ ಪುಲ್ ರಿಕ್ವೆಸ್ಟ್ ಕಳಿಸಿ ಮಲಗಿದಳು. ಬೆಳಿಗ್ಗೆ ಎದ್ದು ನೋಡಿದರೆ ಕಳಿಸಿದ ಕೋಡಿನ ಮೇಲೆ ಟೆಸ್ಟುಗಳನ್ನು ತಾನಾಗಿ ಓಡಿಸುವ ಯೋಜನೆಯ ಸಿಐ ಸಾಲುಸಾಲು ಕೆಂಪು. ಬಿಡಿಸದೆ ಫ್ರೆಂಚ್ ಗೆರೆಯನ್ನು ಅಳಿಸುವುದು ಸಾಧ್ಯವೇ ಇಲ್ಲ, ಹಾಗಾಗಿ ಹಳೆಯ ಟೆಸ್ಟುಗಳೆಲ್ಲ ಬಿದ್ದಿದ್ದವು.

ಫೋನಿನಲ್ಲಿ ಅವಳ ದನಿ ಸಣ್ಣದಾಗಿತ್ತು. "ಎಲ್ಲರಿಗೂ ಕಾಣೋ ಹಾಗೆ ಫೇಲ್ ಆಗಿದೆ ದೊಡ್ಡಮ್ಮ, ಡಿಲೀಟ್ ಮಾಡಿಬಿಡ್ಲಾ?" ಮಾಡಬೇಡ, ಅಲ್ಲೇ ತಪ್ಪು ಏನಾಯಿತು ಅಂತ ಎರಡು ಸಾಲು ಬರೆದು, ಅದೇ ಬ್ರಾಂಚಿನಲ್ಲಿ (ಈ ತಿದ್ದುಪಡಿಯ ಕವಲಿನಲ್ಲಿ) ಮುಂದುವರಿ ಅಂದೆ. ಸಿಐ ಕೆಂಪಾದರೆ ಅವಮಾನ ಎಂದು ಹೊಸಬರಿಗೆ ಅನ್ನಿಸುತ್ತದೆ. ಪರಿಶೀಲಿಸುವವರು ಅದನ್ನು ದಿನಾ ನೋಡುವವರು. ಅವರಿಗೆ ಬೇಸರ ತರುವುದು ಕೆಂಪು ಮಾಡಿ ಮಾತಿಲ್ಲದೆ ಮಾಯವಾಗುವವರು. ಒಂದು ಫೈಲ್ ಓಡಿಸಿ ಬೇಗ ಉತ್ತರ ಪಡೆಯುವುದು ಕೆಲಸದ ನಡುವೆ ಸರಿ. ಕಳಿಸುವ ಮೊದಲು ಪೂರ್ತಿ ಓಡಿಸಬೇಕು. ಅವಳ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಹಿಡಿಯುವುದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು.

ಎರಡನೇ ತಿದ್ದುಪಡಿಯಲ್ಲಿ ಬಿಡಿಸುವ ಸಾಲು ಹಾಗೆಯೇ ಉಳಿಯಿತು. ಗೆರೆಗಳನ್ನು ಅಳಿಸಿದ ನಂತರ, ಉಳಿದದ್ದನ್ನು ಎನ್‌ಎಫ್‌ಸಿಗೆ ಮರಳಿ ಕೂಡಿಸುವ ಒಂದು ಸಾಲು ಸೇರಿತು. ಹಳೆಯ ಟೆಸ್ಟುಗಳೂ ಹೊಸವೂ ಪಾಸ್. ಲಿನಕ್ಸ್, ಮ್ಯಾಕ್ ಎರಡರಲ್ಲೂ ಹಸಿರು. ವಿಂಡೋಸ್‌ನಲ್ಲಿ ಕೆಂಪು.

ಅಲ್ಲಿ ಬಿದ್ದ ಕಾರಣ ಬೇರೆಯದು. ಜಿಲ್ಲೆಗಳ ಪಟ್ಟಿಯನ್ನು ಅವಳು ಒಂದು ಪಠ್ಯ ಫೈಲಿನಲ್ಲಿಟ್ಟು, ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಹೇಳದೆ ತೆರೆದಿದ್ದಳು. ಆ ವಿಂಡೋಸ್ ಸರ್ವರಿನ ಪೈಥಾನ್ ಆಗ ತನ್ನ ಸ್ಥಳೀಯ ಎನ್‌ಕೋಡಿಂಗ್ ಆದ 1252ನೇ ಕೋಡ್ ಪೇಜನ್ನು ಹಿಡಿಯಿತು. ಫೈಲ್ ಇದ್ದದ್ದು ಯುಟಿಎಫ್-8 ಕ್ರಮದಲ್ಲಿ, ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಕೊಂಬಿನ ಮೂರನೇ ಬೈಟ್ 129, ಆ ಕೋಡ್ ಪೇಜಿನಲ್ಲಿ 129ಕ್ಕೆ ಅಕ್ಷರವೇ ಇಲ್ಲ. ಪಟ್ಟಿಯ ಮೊದಲ ಹೆಸರು ಉಡುಪಿ, ಅದರ ‘ಡು’ವಿನ ಕೊಂಬಿನಲ್ಲೇ ಓದುವುದು ನಿಂತಿತು. ಫೈಲ್ ತೆರೆಯುವ ಸಾಲಿನಲ್ಲಿ ಯುಟಿಎಫ್-8 ಎಂದು ಬರೆದ ಮೇಲೆ ಸರಿಯಾಯಿತು.

ಪರಿಶೀಲನೆಯಲ್ಲಿ ನಡೆದದ್ದು

ಯೋಜನೆಯನ್ನು ನೋಡಿಕೊಳ್ಳುವ ಮೇಂಟೇನರ್‌ಗಳಲ್ಲಿ ಯಾರಿಗೂ ಕನ್ನಡ ಬರುವುದಿಲ್ಲ. ಅವರು ಮೊದಲು ಕೇಳಿದ್ದು ನ್ಯಾಯವಾದ ಪ್ರಶ್ನೆ: ಟೆಸ್ಟಿನಲ್ಲಿರುವ ಎರಡು ಪದ ನಮ್ಮ ಕಣ್ಣಿಗೆ ಒಂದೇ ಕಾಣುತ್ತವೆ, ನಾವು ಇದನ್ನು ಹೇಗೆ ಪರಿಶೀಲಿಸುವುದು? ಜೊತೆಗೆ ಇನ್ನೊಂದು ಅಪಾಯವೂ ಇತ್ತು. ಯಾವುದಾದರೂ ಎಡಿಟರ್ ಉಳಿಸುವಾಗ ಪಠ್ಯವನ್ನು ಕೂಡಿಸಿಬಿಟ್ಟರೆ ಟೆಸ್ಟ್ ಪಾಸಾಗುತ್ತಲೇ ಇರುತ್ತದೆ, ಏನನ್ನೂ ಪರೀಕ್ಷಿಸುತ್ತಿರುವುದಿಲ್ಲ. ಮುಖ್ಯ ಟೆಸ್ಟುಗಳಲ್ಲಿ ಅಕ್ಷರದ ಬದಲು ಕೋಡ್ ಪಾಯಿಂಟಿನ ಸಂಖ್ಯೆಗಳನ್ನೇ ಬರೆದು, ಪಕ್ಕದಲ್ಲಿ ಪ್ರತಿಯೊಂದರ ಯೂನಿಕೋಡ್ ಹೆಸರು ಕೊಟ್ಟಳು. ಓದಲು ಒರಟು, ಆದರೆ ಭಾಷೆ ಬಾರದವರೂ ಪರಿಶೀಲಿಸಬಹುದು.

ಒಬ್ಬರು ಸುಲಭದ ದಾರಿ ಸೂಚಿಸಿದರು: ಲ್ಯಾಟಿನ್ ಒಂದೇ ಯಾಕೆ, ಎಲ್ಲ ಲಿಪಿಗಳ ಅಂಟು ಗುರುತುಗಳನ್ನೂ ಅಳಿಸಿದರೆ ಆಗದೇ? ನನಗೆ ಸಿಟ್ಟು ಬಂತು. ಅವಳು ಸಿಟ್ಟಾಗದೆ ಟೆಸ್ಟ್ ಬರೆದಳು. ಯೂನಿಕೋಡ್‌ನಲ್ಲಿ ಜಾಗ ಹಿಡಿಯದ ಅಂಟು ಗುರುತುಗಳ ವರ್ಗದಲ್ಲಿ ಕನ್ನಡದ ಗುಡಿಸು, ಎತ್ವ, ಔತ್ವ, ಒತ್ತಕ್ಷರ ಮಾಡುವ ವಿರಾಮ (ಹಲಂತ) ಸೇರಿವೆ. ಅವನ್ನು ಅಳಿಸಿದರೆ ಕೆರೆ, ಕರೆ, ಕಿರಿ, ಕರ ನಾಲ್ಕೂ ‘ಕರ’ ಆಗಿಬಿಡುತ್ತವೆ. ಹಳ್ಳಿ ‘ಹಳಳ’ ಆಗುತ್ತದೆ. ನಾಲ್ಕು ಪದಗಳ ಅರ್ಥವನ್ನೂ ಒಂದೊಂದು ಸಾಲಿನಲ್ಲಿ ಬರೆದು, ಒಂದು ಕೆರೆಯನ್ನು ಹುಡುಕಿದವರಿಗೆ ತೆರಿಗೆಯ ದಾಖಲೆ ಸಿಗುತ್ತದೆ ಎಂದು ವಿವರಿಸಿದಳು. ಸೂಚಿಸಿದವರು ಅರ್ಧ ಗಂಟೆಯಲ್ಲಿ ಮಾತು ಹಿಂದಕ್ಕೆ ಪಡೆದು ಧನ್ಯವಾದ ಹೇಳಿದರು. ಫ್ರೆಂಚಿನ ಗೆರೆ ಹೋದರೂ ಪದ ಉಳಿಯುತ್ತದೆ, ಕನ್ನಡದ ಗುರುತು ಹೋದರೆ ಸ್ವರವೇ ಹೋಗುತ್ತದೆ. ಇದನ್ನು ನಾವು ಹೇಳದೆ ಅವರಿಗೆ ತಿಳಿಯುವ ದಾರಿ ಇರಲಿಲ್ಲ.

ಹುಡುಕುವ ಪದವೂ ಅದೇ ಫಂಕ್ಷನ್ ಮೂಲಕ ಹಾದುಹೋಗಬೇಕು ಎಂಬ ತೀರ್ಮಾನಕ್ಕೆ ಕಾರಣವಾದದ್ದು ದೇವನಾಗರಿ. ಅಡಿಯಲ್ಲಿ ಚುಕ್ಕಿ ಇರುವ ಕ-ದಂಥ ಕೆಲವು ಅಕ್ಷರಗಳಿಗೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತ ಇದ್ದರೂ, ಎನ್‌ಎಫ್‌ಸಿ ಮಾಡಿದರೆ ಅವು ಅಕ್ಷರ ಮತ್ತು ಚುಕ್ಕಿಯಾಗಿಯೇ ಉಳಿಯುತ್ತವೆ, ಮತ್ತೆ ಕೂಡುವುದಿಲ್ಲ. ಇಂಡೆಕ್ಸ್ ಒಂದು ಕಡೆ ಮಾತ್ರ ಬದಲಾದರೆ ಹಿಂದಿಯವರ ತೊಂದರೆ ಹಾಗೆಯೇ ಉಳಿಯುತ್ತದೆ. ಎರಡು ಕಡೆಗೂ ಒಂದೇ ಫಂಕ್ಷನ್ ಎಂದಾಯಿತು.

ಆಗ ಮೇಂಟೇನರ್ ಒಬ್ಬರು ಕೇಳಿದರು: ಎರಡೂ ಕಡೆ ಒಂದೇ ಫಂಕ್ಷನ್ ಆದ ಮೇಲೆ ಮತ್ತೆ ಕೂಡಿಸುವ ಸಾಲು ಯಾಕೆ ಬೇಕು? ಇಂಡೆಕ್ಸೂ ಬಿಡಿ, ಪದವೂ ಬಿಡಿ, ಹೊಂದುತ್ತವಲ್ಲ? ಅವಳು ಆ ಸಾಲನ್ನು ತೆಗೆದು ಓಡಿಸಿ ನೋಡಿದಳು. ಮೂವತ್ತೊಂದೂ ಪಾಸ್! ನಮ್ಮ ಬಳಿ ಉತ್ತರವಿರಲಿಲ್ಲ.

ಉತ್ತರ ಅವಳ ಅಪ್ಪನ ಮೊದಲ ದಿನದ ಮಾತಿನಲ್ಲಿತ್ತು. ‘ಕೆ’ ಅಂತ ಹೊಡೆದರೆ ಕೋಲಾರ ಬರುತ್ತದೆ. ಈ ಲೈಬ್ರರಿ ಪದದ ಆರಂಭ ಹೊಂದಿದರೂ ಫಲಿತಾಂಶ ತೋರಿಸುತ್ತದೆ. ಬಿಡಿ ರೂಪದ ಕೋಲಾರ ಶುರುವಾಗುವುದೇ ಕ, ಎತ್ವ ಎಂದು, ಅಂದರೆ ‘ಕೆ’ ಎಂದು. ಕೊಡಗು, ಕೊಪ್ಪಳವೂ ಹಾಗೆಯೇ. ‘ಮೆ’ ಎಂದರೆ ಮೈಸೂರು ಬರುತ್ತದೆ, ‘ಬಿ’ ಎಂದರೆ ಬೀದರ್. ನಮ್ಮ ಟೆಸ್ಟುಗಳು ಬರಬೇಕಾದ್ದು ಬರುತ್ತದೆಯೇ ಎಂದಷ್ಟೇ ಕೇಳುತ್ತಿದ್ದವು. ಬರಬಾರದ್ದು ಬರುತ್ತದೆಯೇ ಎಂದು ಒಂದೂ ಕೇಳುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದ ನಾನು ಅದನ್ನು ಮೊದಲ ಶನಿವಾರವೇ ಬರೆಸಬೇಕಿತ್ತು. ‘ಕೆ’ಗೆ ಕೋಲಾರ ಬರಬಾರದು, ‘ಮೆ’ಗೆ ಮೈಸೂರು ಬರಬಾರದು, ‘ಬಿ’ಗೆ ಬೀದರ್ ಬರಬಾರದು ಎಂಬ ಮೂರು ಟೆಸ್ಟ್ ಸೇರಿದವು. ಕೂಡಿಸುವ ಸಾಲು ತೆಗೆದರೆ ಮೂರೂ ಬೀಳುತ್ತವೆ, ಇಟ್ಟರೆ ಏಳುತ್ತವೆ. ಚರ್ಚೆ ಅಲ್ಲಿಗೆ ಮುಗಿಯಿತು.

ವಿಲೀನವಾಗುವ ಮೊದಲು ಮೇಂಟೇನರ್ ಇನ್ನೊಂದು ಹಳೆಯ ಇಶ್ಯೂವನ್ನು ಇದಕ್ಕೆ ಜೋಡಿಸಿದರು. ಕೊರಿಯನ್ ಬಳಕೆದಾರರೊಬ್ಬರು ಬಹಳ ಹಿಂದೆ, ತಮ್ಮ ಭಾಷೆಯ ಪದ ಯಾವುದೂ ಸಿಗುತ್ತಿಲ್ಲ ಎಂದು ಒಂದೇ ಸಾಲು ಬರೆದಿದ್ದರು. ಟೆಸ್ಟ್ ಕೊಟ್ಟಿರಲಿಲ್ಲ, ಯಾರೂ ಮರುಸೃಷ್ಟಿಸಲು ಆಗಿರಲಿಲ್ಲ. ಕೊರಿಯನ್ ಲಿಪಿಯ 11,172 ಕೂಡಕ್ಷರಗಳೂ ಎನ್‌ಎಫ್‌ಡಿಯಲ್ಲಿ ಬಿಡಿಯಾಗುತ್ತವೆ. ನಮ್ಮದರಲ್ಲಿ ಎಂಟು ಜಿಲ್ಲೆ ಕಾಣೆಯಾಗಿದ್ದರೆ ಅವರದರಲ್ಲಿ ಇಡೀ ಭಾಷೆಯೇ ಕಾಣೆಯಾಗಿತ್ತು. ಅವಳು ಒಂದು ಕೊರಿಯನ್ ಪದದ ಟೆಸ್ಟನ್ನೂ ಸೇರಿಸಿದಳು. ಎರಡು ಇಶ್ಯೂಗಳೂ ಒಟ್ಟಿಗೆ ಮುಚ್ಚಿದವು.

ಕೋಡಿನಲ್ಲಿ ಬದಲಾದದ್ದು ಕೊನೆಗೆ ಎರಡೇ ಸಾಲು. ಟೆಸ್ಟುಗಳು ನಲವತ್ತರ ಹತ್ತಿರ. ಮುಂದಿನ ಬಿಡುಗಡೆಗೆ ಕಾಯದೆ, ವಿಲೀನವಾದ ಬದಲಾವಣೆಯ ದಾಖಲೆ, ಅಂದರೆ ಕಮಿಟ್‌ನಿಂದಲೇ ಲೈಬ್ರರಿಯನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿ, ಇಂಡೆಕ್ಸನ್ನು ಹೊಸದಾಗಿ ಕಟ್ಟಿದಳು. ಹಳೆಯ ಇಂಡೆಕ್ಸಿನಲ್ಲಿ ಬಿಡಿ ಅಕ್ಷರಗಳೇ ಇರುತ್ತವೆ, ಆದ್ದರಿಂದ ಆ ಹೆಜ್ಜೆ ಬಿಡುವಂತಿಲ್ಲ. ಬಿಡುಗಡೆ ಟಿಪ್ಪಣಿಯಲ್ಲಿ ಇದನ್ನು ಸೇರಿಸಲು ಅವಳೇ ಕೇಳಿಕೊಂಡಿದ್ದಾಳೆ. ಅಪ್ಪ ಪೂರ್ತಿ ಹೆಸರು ಹೊಡೆಯಲಿಲ್ಲ, ‘ಕೋ’ ಅಂತ ಹೊಡೆದು ಕಾದರು. ಕೋಲಾರದ ಏಳು ಎಲ್‌ಆರ್ ಬಂದವು. ಆಮೇಲೆ ‘ಕೆ’ ಹೊಡೆದು, ಕೋಲಾರ ಬರುವುದಿಲ್ಲ ಎಂದು ನೋಡಿಕೊಂಡು, ಗಿರಾಕಿಯ ಕಡೆ ತಿರುಗಿದರು.

ಐದೂವರೆ ಗಂಟೆಯ ಇಶ್ಯೂ ಇನ್ನೂ ತೆರೆದೇ ಇದೆ. ಈ ಶನಿವಾರದಿಂದ ಅದು ಅವಳ ಹೆಸರಿನಲ್ಲಿದೆ.